ಸಹಾಯ ಬೇಕು: ಉಪವಾಸದ ಇಲಿಗಳಲ್ಲಿ ಬಿಪಿ ಇಳಿಯೋದಕ್ಕೆ ಯಾವ ಕಂಟ್ರೋಲ್ (ಹೋಲಿಕೆಗೆ ಇಡೋ ಗುಂಪು) ಇಡಬೇಕು?

ವಿಸ್ಟಾರ್ ಅನ್ನೋ ಲ್ಯಾಬ್ ತಳಿಯ ಗಂಡು ಇಲಿಗಳು, 250–300 ಗ್ರಾಂ, ಪಂಜರಕ್ಕೊಂದು, ಕೋಣೆ 22 ಡಿಗ್ರಿ. ಲೈಟ್ ಆರೋ ಹೊತ್ತಿಗೆ ಆಹಾರ ತೆಗೆದು 48 ಗಂಟೆ ಉಪವಾಸ. ನೀರು ಇದ್ದೇ ಇದೆ. ಆರ್‌ಇಆರ್ (ಹೊರಬಿಡೋ ಕಾರ್ಬನ್ ಡೈಆಕ್ಸೈಡ್‌ಗೂ ಎಳೆದುಕೊಳ್ಳೋ ಆಮ್ಲಜನಕಕ್ಕೂ ಇರೋ ಅನುಪಾತ) 0.9ರಿಂದ 0.7ರ ಹತ್ತಿರ ಬರ್ತಿದೆ, ಅಂದ್ರೆ ಕೊಬ್ಬು ಉರೀತಿದೆ. ಅಲ್ಲಿ ಗೊಂದಲ ಇಲ್ಲ, ತಲೆ ಕೆಡಿಸ್ತಿರೋದು ಬಿಪಿ.

ಟೆಲಿಮೆಟ್ರಿಯಲ್ಲಿ (ಮೈಯೊಳಗೆ ಇಟ್ಟ ಸೆನ್ಸರ್, ಇಲಿ ಓಡಾಡ್ತಿರೋವಾಗಲೇ ಅಳೆಯುತ್ತೆ) ಬಿಪಿ, ಹೃದಯ ಬಡಿತ ಎರಡೂ ಇಳಿದಿರೋದು ಸ್ಪಷ್ಟ. ಅದೇ ಇಲೀನ ಟೇಲ್-ಕಫ್‌ಗೆ (ಬಾಲಕ್ಕೆ ಪಟ್ಟಿ ಸುತ್ತಿ ಬಿಪಿ ಅಳೆಯೋದು) ಹಾಕಿದ್ರೆ ಇಳಿಕೆ ಮಾಯ! ರೆಸ್ಟ್ರೈನರ್‌ನಲ್ಲಿ (ಇಲಿ ಅಲುಗಾಡದಂತೆ ಇಡೋ ಕೊಳವೆ) ಹಿಡಿದಾಗಿನ ಒತ್ತಡ, ಬಾಲಕ್ಕೆ ಕೊಡೋ ಬಿಸಿ ಎರಡೂ ಸೇರಿ ಅದನ್ನ ಮುಚ್ಚಿಹಾಕ್ತಿವೆ ಅನ್ಸುತ್ತೆ. ರೆಸ್ಟ್ರೈನರ್ ಅಭ್ಯಾಸ ಮಾಡಿಸಿ, ಕಫ್ ಸೈಜ್ ಬದಲಿಸಿ ನೋಡಿದ್ದಾಯ್ತು. ಹಾಸಿನ ಹೊಟ್ಟು, ಹಿಕ್ಕೆ ತಿನ್ನದಿರಲಿ ಅಂತ ತಂತಿ ತಳದ ಪಂಜರವನ್ನೂ ಹಾಕಿದ್ದಾಯ್ತು. (ಅದರಲ್ಲಿ ಮೈ ಇನ್ನೂ ಬೇಗ ತಣ್ಣಗಾಗುತ್ತೆ, ಅದು ಬೇರೆ ತಲೆನೋವು.)

ಸದ್ಯ ಟೆಲಿಮೆಟ್ರೀನೇ ನಂಬ್ತಿದೀವಿ. ಆದ್ರೆ 22 ಡಿಗ್ರಿ ಇಲಿಗೆ ಚಳಿಯೇ. ಹಸಿದಾಗ ಶಕ್ತಿ ಉಳಿಸೋಕೆ ಶಾಖ ಹುಟ್ಟಿಸೋದು ಕಮ್ಮಿ ಮಾಡಿ, ಬಡಿತಾನೂ ಇಳಿಸ್ತಿರಬಹುದು. ಜೊತೆಗೆ ಆಹಾರ ಹೋದ್ರೆ ಸೋಡಿಯಂ ಹೋಯ್ತು, ನೀರು ಕುಡಿಯೋದೂ ಕಮ್ಮಿ, ಅದರಿಂದಲೂ ಬಿಪಿ ಇಳೀಬಹುದು.

ಒಂದೇ ಕಂಟ್ರೋಲ್ ಗುಂಪಿಗೆ ಜಾಗ ಇದೆ. ಇಲಿಗೆ ಚಳಿಯಾಗದ 30 ಡಿಗ್ರಿ ಕೋಣೆಯಲ್ಲಿ ಉಪವಾಸ ಮಾಡಿಸೋದಾ, ಇಲ್ಲ 22ರಲ್ಲೇ ಕುಡಿಯೋ ನೀರಿಗೆ ಉಪ್ಪು ಸೇರಿಸೋದಾ? 30 ಡಿಗ್ರಿ ಆದ್ರೆ, ಉಪವಾಸಕ್ಕೆ ಮುಂಚೆ ಎಷ್ಟು ದಿನ ಹೊಂದಿಕೊಳ್ಳೋಕೆ ಬಿಡ್ತೀರಿ?