ಕರಡಿ ಶತಪಥ ಹಾಕ್ತಿದ್ರೆ ಅದಕ್ಕೆ ಒತ್ತಡ ಅಂತಾನೇ ಅರ್ಥಾನಾ?

ಪ್ರಶ್ನೆ (ಎಂಎಸ್ಸಿ ವಿದ್ಯಾರ್ಥಿನಿ)
ಪ್ರಾಜೆಕ್ಟಿಗೆ ಅನುಮತಿ ತಗೊಂಡು ಮೂರು ದಿನದಿಂದ ಝೂನಲ್ಲಿ ಕರಡಿ ಮುಂದೆ ಕೂರ್ತಿದೀನಿ, ಸಂಜೆ ನಾಲ್ಕರಿಂದ ಐದೂವರೆ. ಹೆಣ್ಣು ಕರಡಿ ಗೂಡಿನ ಬಾಗಿಲ ಮುಂದೆ ಒಂಬತ್ತು ಹೆಜ್ಜೆ ಹೋಗತ್ತೆ, ತಲೆ ಎಡಕ್ಕೆ ಒದರಿ ತಿರುಗತ್ತೆ, ಮತ್ತೆ ಒಂಬತ್ತು. ಪ್ರತಿಸಲ ಅದೇ ಕಲ್ಲಿನ ಮೇಲೆ ಅದೇ ಕಾಲು. ಅಲ್ಲಿ ಹುಲ್ಲೆಲ್ಲ ಹೋಗಿ ಗಾಡಿ ಜಾಡಿನ ಹಾಗಾಗಿದೆ. ಪಕ್ಕದಲ್ಲೊಬ್ರು ಮಗೂಗೆ ‘ನೋಡು, ಡ್ಯಾನ್ಸ್ ಮಾಡ್ತಿದೆ’ ಅಂದ್ರು, ನನಗೆ ಹೊಟ್ಟೆ ಉರೀತು. ‘ಒತ್ತಡದಲ್ಲಿದೆ’ ಅಂತ ಬರ್ಕೊಂಡೆ. ಗೈಡ್ ಕೆಂಪು ಪೆನ್ನಲ್ಲಿ ಹೊಡೆದು ಹಾಕಿದ್ರು. ಕಾರಣ ಹೇಳ್ಲಿಲ್ಲ.

ಉತ್ತರ 1 (ನಿವೃತ್ತ ಕೀಪರ್)
ಗೂಡಿನ ಬಾಗಿಲು ಎಷ್ಟೊತ್ತಿಗೆ ತೆಗೀತಾರೆ ಅಂತ ಕೇಳಿದ್ಯೇನಮ್ಮ? ನಾವು ಐದೂವರೆಗೆ ಒಳಗೆ ಬಿಡ್ತಿದ್ವಿ, ರಾಗಿ ಗಂಜಿ ಒಳಗಿರ್ತಿತ್ತು. ನಾಲ್ಕಕ್ಕೇ ಬಾಗಿಲ ಹತ್ರ ಶುರು ಹಚ್ಕೊಳ್ತಿತ್ತು, ಬಕೆಟ್ ಸದ್ದಾದ್ರೆ ಇನ್ನೂ ಜೋರು. ಬೆಳಿಗ್ಗೆ ಹೋಗಿ ನೋಡು.

ಉತ್ತರ 2
ಗೈಡ್ ಹೊಡೆದಿದ್ದು ಸರಿ, ಕಾರಣ ಹೇಳದೆ ಇದ್ದಿದ್ದು ತಪ್ಪು. ನಿಮಗೆ ಕಂಡಿದ್ದು ನಡಿಗೆ. ಒತ್ತಡ ನೀವು ಸೇರಿಸಿದ್ದು. ಪ್ರಾಣಿಗಳ ನಡವಳಿಕೆ ಹೇಗೆ ಗಮನಿಸಿ ಬರ್ಕೊಬೇಕು ಅನ್ನೋದರ ಬಗ್ಗೆ ಜೀನ್ ಆಲ್ಟ್‌ಮನ್ ಅವರ 1974ರ ಲೇಖನ ಇದೆ, ಹುಡುಕಿ ಓದಿ. ಏನಾದ್ರೂ ಕಣ್ಣಿಗೆ ಬಿದ್ದಾಗಲೆಲ್ಲ ಬರೆದ್ರೆ ಓಡಾಟವೇ ಪುಸ್ತಕಕ್ಕೆ ಹತ್ತುತ್ತೆ, ಮಲಗಿದ್ದು ಹತ್ತಲ್ಲ. ನಿಮಿಷಕ್ಕೊಂದು ಬೀಪ್ ಇಟ್ಕೊಳಿ, ಆ ಕ್ಷಣ ಏನ್ ಮಾಡ್ತಿದೆಯೋ ಅಷ್ಟೇ ಬರೀರಿ. ರಜೆ ದಿನವೂ ಕೂರಕ್ಕೆ ಬಿಡ್ತಾರಾ ಕೇಳಿ (ಮೈಸೂರಲ್ಲಾದ್ರೆ ಮಂಗಳವಾರ), ಜನ ಇಲ್ಲದಾಗಿನ ಲೆಕ್ಕ ಸಿಗುತ್ತೆ.

ಹಾಗಂತ ಶತಪಥ ಅಂದ್ರೆ ಏನೂ ಇಲ್ಲ ಅಂತಲ್ಲ. ಕಾಡಲ್ಲಿ ದೂರ ದೂರ ಅಲೆಯೋ ಮಾಂಸಾಹಾರಿಗಳೇ ಝೂನಲ್ಲಿ ಹೆಚ್ಚು ಶತಪಥ ಹಾಕ್ತವೆ ಅಂತ ಕ್ಲಬ್ ಮತ್ತು ಮೇಸನ್ ಅನ್ನೋ ಸಂಶೋಧಕರು 2003ರಲ್ಲೇ ತೋರಿಸಿದ್ರು, ಹಿಮಕರಡಿ ಅದರಲ್ಲಿ ಮುಂದೆ.

ಉತ್ತರ 3
ನಿಮ್ಮ ಕರಡಿ ಎಲ್ಲಿಂದ ಬಂದಿದ್ದು? ಖಲಂದರರ ಹತ್ರ ಕುಣೀತಿದ್ದ ಕರಡಿಯಾದ್ರೆ ಮೂಗಿನ ಮೇಲೆ ಹಗ್ಗದ ಗಾಯದ ಗುರುತಿರಬಹುದು. ಹಗ್ಗ ಬಿಚ್ಚಿ ಎಷ್ಟೋ ವರ್ಷ ಆದ್ಮೇಲೂ ತೂಗಾಟ ಬಿಡದೆ ಇರೋದುಂಟು.

ಪ್ರಶ್ನೆ ಕೇಳಿದವರು
ಇವತ್ತು ಬೆಳಿಗ್ಗೆ ಒಂಬತ್ತರಿಂದ ಹತ್ತು ಕೂತಿದ್ದೆ. ಅರವತ್ತು ಬೀಪಲ್ಲಿ ಶತಪಥ ನಾಲ್ಕೇ ಸಲ. ಇಪ್ಪತ್ತಾರು ಸಲ ಜೇನು ಸವರಿದ್ದ ಮರದ ದಿಮ್ಮಿಗೆ ಮೂತಿ ತೂರಿಸ್ಕೊಂಡಿತ್ತು, ಉಸಿರೆಳೆಯೋ ಸದ್ದು ಬೇಲಿ ಈಚೆಗೂ ಕೇಳಿಸ್ತಿತ್ತು. ಮಿಕ್ಕಿದ್ದೆಲ್ಲ ನಿದ್ದೆ. ಮೂಗಲ್ಲಿ ಗಾಯ ಕಾಣಲಿಲ್ಲ. ಇಲ್ಲಿನ ಕೀಪರಣ್ಣನ ಹತ್ರ ಗಂಜಿ ಹೊತ್ತು ದಿನಾ ಬದಲಾಯಿಸಿ ನೋಡೋಣ್ವಾ ಅಂದೆ. ಬೇಸರ ಮಾಡ್ಕೊಳ್ಳದೆ, ‘ಸಾಹೇಬ್ರನ್ನ ನೀವೇ ಕೇಳ್ಬೇಕಲ್ಲಮ್ಮ’ ಅಂದ್ರು. ಸೋಮವಾರ ಕೇಳ್ತೀನಿ.