ಅಪ್‌ಡೇಟ್: 404 ('ಪುಟ ಇಲ್ಲ' ಎನ್ನುವ) ಪುಟ ಕೊನೆಗೂ ಸರಿಹೋಯಿತು

ಕಲಬುರಗಿಯ ನಮ್ಮ ತೊಗರಿಬೇಳೆ ಅಂಗಡಿಯ ಜಾಲತಾಣದಲ್ಲಿ ತಪ್ಪು ವಿಳಾಸ ಒತ್ತಿದರೆ, ನಾನು ಬರೆದ ಪುಟದ ಬದಲು 'ನಾಟ್ ಫೌಂಡ್' ಎಂಬ ಒಣ ಸಾಲು ಬರುತ್ತಿದೆ ಎಂದು ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ಜಾಲತಾಣವನ್ನು ಬಡಿಸುವ ಸರ್ವರ್ ತಂತ್ರಾಂಶ ಎಂಜಿನ್‌ಎಕ್ಸ್‌ನಲ್ಲಿ, ತಪ್ಪಾದಾಗ ಯಾವ ಪುಟ ತೋರಿಸಬೇಕೆಂದು ಹೇಳುವ 'ಎರರ್ ಪೇಜ್' ಸಾಲು ಸರಿಯಾಗಿಯೇ ಇತ್ತು. ಆದರೆ ಅದರ ಹಿಂದೆ ಪುಟಗಳನ್ನು ತಯಾರಿಸುವ ಅಪ್ಲಿಕೇಶನ್ ತಾನೇ 404 ಕೊಟ್ಟರೆ ಅದು ಹಾಗೆಯೇ ದಾಟಿಬರುತ್ತದೆ. ಅದನ್ನು ತಡೆದು ನಮ್ಮ ಪುಟ ತೋರಿಸಲು 'ಪ್ರಾಕ್ಸಿ ಇಂಟರ್‌ಸೆಪ್ಟ್ ಎರರ್ಸ್' ಆನ್ ಮಾಡಬೇಕು. ಮೂಲದಲ್ಲಿ ಅದು ಆಫ್. ಒಂದು ಸಾಲಿಗೆ ಎರಡು ರಾತ್ರಿ!

ಅವಸರದಲ್ಲಿ 'ಎರರ್ ಪೇಜ್' ಸಾಲಿಗೆ '=200' (200 ಅಂದರೆ 'ಎಲ್ಲ ಸರಿ' ಎಂಬ ಸಂಕೇತ) ಎಂದು ಸೇರಿಸಿ, ಇಲ್ಲದ ಪುಟಗಳನ್ನೂ ಇವೆ ಎಂದು ಗೂಗಲ್‌ಗೆ ಸಾರುತ್ತಿದ್ದೆ. ಅದನ್ನೂ ತೆಗೆದೆ. ಈಗ ಅಲ್ಲಿ ಖಾಲಿ ಗೋಣಿಚೀಲದ ಚಿತ್ರ, ಕೆಳಗೆ 'ಈ ಚೀಲದಲ್ಲಿ ಬೇಳೆ ಇಲ್ಲ, ಪಕ್ಕದ್ದು ನೋಡಿ'. ಅಪ್ಪನಿಗೆ ಈ ಸಾಲು ಹಿಡಿಸಲಿಲ್ಲ, ಗಿರಾಕಿಗಳಿಗೆ ಹಿಡಿಸಿದೆ. ಸರ್ವರ್‌ನಲ್ಲೇ ತಪ್ಪಾದಾಗ ಬರುವ 500ರ ಪುಟ ಬಾಕಿ. ಅದನ್ನು ಡೇಟಾಬೇಸ್ ಮುಟ್ಟದ ಬರಿಯ ಎಚ್‌ಟಿಎಂಎಲ್‌ನಲ್ಲೇ ಬರೆಯುತ್ತೇನೆ.