ಮರು: ‘ಹಾಲೋ ಪಾಯಿಂಟ್’ ಗುಂಡಿಗೆ ಕನ್ನಡ ಪದ (ತುರ್ತಾಗಿ ಬೇಕಾಗಿದೆ)

> ಅನುವಾದ ಶುಕ್ರವಾರ ಅಚ್ಚಿಗೆ ಹೋಗಬೇಕು. ‘ಎರಡಂಗುಲ ನಳಿಗೆಯ ರಿವಾಲ್ವರಿನಿಂದ ಹಾರಿಸಿದ ಹಾಲೋ ಪಾಯಿಂಟ್ ಎಷ್ಟೋ ಸಲ ಅರಳುವುದಿಲ್ಲ, ಹಾಗಾಗಿ ಆತ್ಮರಕ್ಷಣೆಗೆ ವಾಡ್‌ಕಟರ್ ಮೇಲು ಎನ್ನುವವರಿದ್ದಾರೆ’ ಎಂಬ ವಾಕ್ಯದಲ್ಲಿ ಸಿಕ್ಕಿಕೊಂಡಿದ್ದೇನೆ. ‘ಅರಳುಗುಂಡು’ ಎನ್ನಬಹುದೇ?

ಮಾನ್ಯರೇ,

ಎನ್ನಬಾರದು. ನಿಮ್ಮ ವಾಕ್ಯವೇ ಆ ಪದವನ್ನು ತಳ್ಳಿಹಾಕುತ್ತದೆ. ‘ಅರಳುಗುಂಡು ಅರಳುವುದಿಲ್ಲ’ ಎಂದು ಅಚ್ಚಾದರೆ ಓದುಗರು ಅದನ್ನು ಕರಡು ತಿದ್ದುವವರ ತಪ್ಪೆಂದೇ ತಿಳಿಯುತ್ತಾರೆ. ಹಾಲೋ ಪಾಯಿಂಟ್ ಎಂಬುದು ಗುಂಡಿನ ಆಕಾರದ ಹೆಸರೇ ಹೊರತು ಅದು ಮಾಡುವ ಕೆಲಸದ ಹೆಸರಲ್ಲ. ಗುಂಡಿನ ಮೂತಿಯಲ್ಲಿ ಒಂದು ಕುಳಿ ಇರುತ್ತದೆ. ಗುಂಡು ಮೈಯನ್ನು ಹೊಕ್ಕಾಗ ದ್ರವವು ಆ ಕುಳಿಗೆ ನುಗ್ಗಿ ಅಂಚನ್ನು ಹೊರಕ್ಕೆ ಮಗುಚಿದರೆ ಮಾತ್ರ ಅದು ಅರಳುತ್ತದೆ. ಅದಕ್ಕೆ ವೇಗ ಬೇಕು. ಮೋಟು ನಳಿಗೆಯಲ್ಲಿ ಮದ್ದಿನ ಅನಿಲವು ಗುಂಡನ್ನು ನೂಕುವ ದೂರವೇ ಕಡಿಮೆಯಾದ್ದರಿಂದ ವೇಗ ಇಳಿದಿರುತ್ತದೆ, ಅದರ ಮೇಲೆ ದಪ್ಪ ಬಟ್ಟೆಯ ಚೂರು ಕುಳಿಯಲ್ಲಿ ತುಂಬಿಕೊಂಡರೆ ಅದು ಕುಳಿಯೇ ಇಲ್ಲದ ಗುಂಡಿನಂತೆ ಸಾಗಿಬಿಡುತ್ತದೆ. ಆದ್ದರಿಂದ ನನ್ನ ಸೂಚನೆ ‘ಕುಳಿಮೂತಿ ಗುಂಡು’.

ನಿನ್ನೆ ಬಂದ ಸಲಹೆಗಳಲ್ಲಿ ‘ಟೊಳ್ಳುಗುಂಡು’ ಸಲ್ಲದು, ಏಕೆಂದರೆ ಗುಂಡಿನ ಒಡಲು ಸೀಸದಿಂದ ಗಟ್ಟಿಯಾಗಿಯೇ ಇರುತ್ತದೆ. ‘ಕುಳಿಮೊನೆ’ ಕಿವಿಗೆ ಹಿತವಾಗಿದ್ದರೂ ಇಲ್ಲಿ ಮೊನೆಯೇ ಇಲ್ಲ. ‘ಸುಷಿರಾಗ್ರ ಗುಲಿಕೆ’ ಎಂದರೆ ಏನೆಂದು ತಿಳಿಯಲು ಮತ್ತೆ ಹಾಲೋ ಪಾಯಿಂಟ್ ಎಂದೇ ವಿವರಿಸಬೇಕು. ಅದರ ಬಗ್ಗೆ ಇನ್ನೇನೂ ಹೇಳುವುದಿಲ್ಲ.

‘ದಮ್‌ದಮ್ ಗುಂಡು’ ಎಂದವರಿಗೆ ಸ್ವಲ್ಪ ವಿವರವಾಗಿ ಉತ್ತರಿಸಬೇಕು. ಹೆಸರು ನಮ್ಮ ನೆಲದ್ದೇ, ಕಲ್ಕತ್ತೆಯ ಬಳಿಯ ದಮ್‌ದಮ್ ಮದ್ದುಗುಂಡಿನ ಕಾರ್ಖಾನೆಯದು. ಎತ್ತರಿಸಿದ ಮಣ್ಣಿನ ದಿಬ್ಬವೆಂಬ ಅರ್ಥದ ‘ದಮ್‌ದಮಾ’ ಆ ಊರಿನ ಹೆಸರಿನ ಮೂಲವೆನ್ನುತ್ತಾರೆ. ಆದರೆ 1890ರ ದಶಕದಲ್ಲಿ ಅಲ್ಲಿ ತಯಾರಾದ ಗುಂಡಿನ ಮೂತಿಯಲ್ಲಿ ಕುಳಿಯಿರಲಿಲ್ಲ. ಮೂತಿಯ ಮೇಲಿನ ಲೋಹದ ಕವಚವನ್ನು ಬಿಟ್ಟು ಸೀಸವನ್ನು ಬೋಳಾಗಿಟ್ಟಿದ್ದರು. ಅದು ಬಂದೂಕಿನ ಗುಂಡು, ಯುದ್ಧದ ಗುಂಡು. 1899ರ ಹೇಗ್ ಘೋಷಣೆಯು ಯುದ್ಧದಲ್ಲಿ ಇಂಥ ಗುಂಡುಗಳನ್ನು ನಿಷೇಧಿಸಿತು. ಅಮೆರಿಕದ ಮನೆಯೊಂದರ ಮೇಜಿನ ಖಾನೆಯಲ್ಲಿರುವ ಐದು ಗುಂಡಿನ ರಿವಾಲ್ವರಿಗೆ ಆ ಹೆಸರನ್ನು ಅಂಟಿಸಿದರೆ ಓದುಗರು ಅದನ್ನು ನಿಷಿದ್ಧ ವಸ್ತುವೆಂದು ಭಾವಿಸುತ್ತಾರೆ.

ಇನ್ನು ‘ವಾಡ್‌ಕಟರ್’. ನಾನಿರುವ ಟೆಕ್ಸಸ್‌ನ ಗುರಿ ಅಭ್ಯಾಸದ ಮೈದಾನದಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ದುಂಡುಮೂತಿಯ ಗುಂಡು ತಾಗಿದಲ್ಲಿ ಕಾಗದ ಹರಿದು ಅಂಚು ಚಿಂದಿಯಾಗುತ್ತದೆ. ವಾಡ್‌ಕಟರ್ ತಾಗಿದಲ್ಲಿ ಮಾತ್ರ ಕಚೇರಿಯ ಪಂಚಿಂಗ್ ಯಂತ್ರ ಒತ್ತಿದಂತೆ ಗುಂಡನೆಯ, ನುಣುಪು ಅಂಚಿನ ತೂತು ಬೀಳುತ್ತದೆ. ಬಿಲ್ಲೆಯಂತೆ ಕಾಗದವನ್ನು ಕತ್ತರಿಸುವುದರಿಂದಲೇ ಅದಕ್ಕೆ ಆ ಹೆಸರು. ಮೂತಿ ಪೂರ್ತಿ ಚಪ್ಪಟೆಯಾದ್ದರಿಂದ ‘ಚಪ್ಪಟೆಮೂತಿ ಗುಂಡು’ ಎಂದರೆ ‘ಕುಳಿಮೂತಿ’ಗೆ ಜೋಡಿಯೂ ಆಗುತ್ತದೆ. ಅದು ಅರಳುವುದನ್ನು ನಂಬಿಕೊಂಡಿಲ್ಲ, ರಿವಾಲ್ವರನ್ನು ಹೆಚ್ಚು ಒದೆಯುವಂತೆಯೂ ಮಾಡುವುದಿಲ್ಲ. ಹಗುರವಾದ ಸಣ್ಣ ರಿವಾಲ್ವರಿನ ಒದೆತಕ್ಕೆ ಕೈ ನಡುಗುವವರಿಗೆ ಎರಡನೆಯ ಗುಂಡೂ ಗುರಿಗೆ ತಾಗಬೇಕಲ್ಲ, ಅದಕ್ಕಾಗಿಯೇ ನಿಮ್ಮ ಲೇಖಕರು ಅದನ್ನು ಮೇಲೆಂದಿರಬೇಕು.

ಅದರ ತೂಕ ‘148 ಗುಂಜಿ’ ಎಂದು ಬರೆದಿದ್ದೀರಿ. ದಯವಿಟ್ಟು ‘ಗ್ರೇನ್’ ಎಂದೇ ಇಡಿ. ಅಕ್ಕಸಾಲಿಗರ ಗುಂಜಿ ಹೆಚ್ಚುಕಡಿಮೆ ಎರಡು ಗ್ರೇನ್ ತೂಗುವುದರಿಂದ ನಿಮ್ಮ ಗುಂಡಿನ ತೂಕ ಇಮ್ಮಡಿಯಾಗಿಬಿಟ್ಟಿದೆ. 148 ಗ್ರೇನ್ ಎಂದರೆ ಸುಮಾರು 9.6 ಗ್ರಾಂ.

ನೀವು ಎಲ್ಲ ಕಡೆಯೂ ‘ಗುಂಡು’ ಎಂದೇ ಬಳಸಿರುವುದು ಇದಕ್ಕಿಂತ ದೊಡ್ಡ ತೊಡಕು. ಮಲೆನಾಡಿನ ನಮ್ಮ ಮನೆಯಲ್ಲಿ ಜೋಡುನಳಿಗೆ ಕೋವಿಯಿತ್ತು. ತಂದೆಯವರು ಒಮ್ಮೆ ನೆನೆದು ಹಾಳಾದ ತೋಟಾವೊಂದನ್ನು ಬಿಚ್ಚಿ, ಕೇಪು, ಮದ್ದು, ನಡುವಿನ ಬಿಲ್ಲೆ, ಚರೆ ಇವಿಷ್ಟನ್ನೂ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟು ತೋರಿಸಿದ್ದರು. ಹಾರಿಹೋಗುವುದು ಚರೆ ಅಥವಾ ಗುಂಡು. ಅಂಗಡಿಯಲ್ಲಿ ಕೊಳ್ಳುವುದು ತೋಟಾ. ನಿಮ್ಮ ಲೇಖನ ಯಾವುದನ್ನು ಕೊಳ್ಳಬೇಕೆಂದು ಹೇಳುತ್ತಿರುವುದರಿಂದ ಶೀರ್ಷಿಕೆಯಲ್ಲಿ ‘ತೋಟಾ’ ಇರಬೇಕು.

‘ತೋಟಾ’, ‘ಬಂದೂಕು’ ಕನ್ನಡವಲ್ಲ, ಉರುಟಾಗಿಲ್ಲದ್ದನ್ನು ‘ಗುಂಡು’ ಎನ್ನುವುದೂ ತಪ್ಪು ಎಂದು ವಾದಿಸಿದ ಹಿರಿಯರಿಗೆ ನನ್ನ ಸ್ಪಷ್ಟ ಅಸಮ್ಮತಿಯಿದೆ. ‘ಬಂದೂಕು’ ಪದದ ಹಿಂದಿರುವ ಅರಬ್ಬಿಯ ‘ಬುಂದುಕ್’ ಒಂದು ಬಗೆಯ ಕಾಯಿಯ ಹೆಸರು. ಅಲ್ಲಿಯೂ ಕಾಯಿ ಮರೆತುಹೋಗಿ ಆಯುಧ ಉಳಿಯಿತು. ನಮ್ಮ ‘ಗುಂಡು’ ಸಹ ಸೀಸದ ಉಂಡೆಯ ಕಾಲದಿಂದ ನಡೆದು ಬಂದು ಉರುಟುತನವನ್ನು ಕಳಚಿಕೊಂಡಿದೆ. ಬಳಸಿ ಸವೆದ ಪದವನ್ನು ಯಾರೂ ಬಿಡಿಸಿ ಓದುವುದಿಲ್ಲ, ಹೊಸದಾಗಿ ಕಟ್ಟಿದ ಪದವನ್ನು ಮಾತ್ರ ಎಲ್ಲರೂ ಬಿಡಿಸಿಯೇ ಓದುತ್ತಾರೆ. ‘ಗುಂಡು’ ನಿಲ್ಲುವುದೂ ‘ಅರಳುಗುಂಡು’ ಬೀಳುವುದೂ ಇದೇ ಕಾರಣಕ್ಕೆ.

ನಿಮ್ಮ ವಾಕ್ಯವನ್ನು ನಾನು ಹೀಗೆ ಬರೆಯುತ್ತೇನೆ: ‘ಎರಡಂಗುಲ ನಳಿಗೆಯಿಂದ ಹಾರಿದ ಕುಳಿಮೂತಿ ಗುಂಡು ಎಷ್ಟೋ ಸಲ ಅರಳದು, ಆದ್ದರಿಂದ ಆತ್ಮರಕ್ಷಣೆಗೆ ಚಪ್ಪಟೆಮೂತಿ ಗುಂಡಿನ ತೋಟಾಗಳೇ ಮೇಲು ಎನ್ನುವವರಿದ್ದಾರೆ.’